ಕೆಂಪು ದೀಪ ಉರಿಯದ ಬೆಳಿಗ್ಗೆ

ವಾಷಿಂಗ್ ಮಷಿನ್ ಬಟ್ಟೆ ಹಿಂಡತೊಡಗಿತ್ತು. ನಾನು ಮಗಳ ಯೂನಿಫಾರಂಗೆ ಇಸ್ತ್ರಿ ಹಾಕುತ್ತಿದ್ದೆ. ನಮ್ಮ ಮನೆಯ ಕೆಳಗೇ ಅವಳ ಅಪ್ಪನ ಪ್ರಯೋಗಶಾಲೆ. ಅವರು ಮೆಟ್ಟಿಲು ಹಾರಿಕೊಂಡು ಬಂದವರೇ ಮಷಿನ್ನಿನ ವೈರು ಕಿತ್ತೆಸೆದರು.

"ಎಷ್ಟು ಸಲ ಬಡ್ಕೋಬೇಕು ನಿನಗೆ? ನಾನು ಪ್ರಯೋಗಾನ ಹಿಂದಕ್ಕೆ ಓಡಿಸೋವಾಗ ಮೇಲೆ ಏನೂ ಅದುರಬಾರದು ಅಂತ."

"ಮೆಟ್ಟಿಲ ಹತ್ರದ ಕೆಂಪು ದೀಪ ಉರೀತಿರಲಿಲ್ಲ ಕಣ್ರೀ. ನೋಡ್ಕೊಂಡೇ ಹಾಕಿದ್ದು."

ಪ್ರಯೋಗ ಶುರುಮಾಡುವಾಗ ಆ ದೀಪ ಹಚ್ಚಬೇಕಾದವರು ಅವರೇ. ಮರೆತಿದ್ದರು. ಅದು ಹೊಳೆದದ್ದು ಅವರ ಮುಖದಲ್ಲಿ ಕಂಡಿತು. ಮರುಕ್ಷಣ ನನ್ನ ಕೆನ್ನೆಗೆ ಬಿತ್ತು. ಇನ್ನೊಂದು ಏಟಿಗೆ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಇಸ್ತ್ರಿಪೆಟ್ಟಿಗೆ ಉರುಳಿ ಮುಂಗೈ ಚುರ್ರೆಂದಿತು. ಕೂದಲು ಹಿಡಿದು ಗೋಡೆಯವರೆಗೂ ಎಳೆದರು. ಬಾಯಿತುಂಬ ರಕ್ತ. ಹಲ್ಲುಜ್ಜುತ್ತಿದ್ದ ಮಗಳು ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ನಿಂತಿದ್ದಳು.

ಆಮೇಲೆ ಎಂದಿನಂತೆ. ನೆಲ ಒರೆಸಿದೆ, ತುಟಿ ತೊಳೆದೆ, ಸುಟ್ಟ ಯೂನಿಫಾರಂ ಮಡಿಸಿಟ್ಟು ಇನ್ನೊಂದು ತೆಗೆದೆ. ಸ್ವಲ್ಪ ಹೊತ್ತಿಗೆಲ್ಲ ಮನೆ ತಣ್ಣಗಾಯಿತು. ಯಾವ ಮೂಲೆ ನೋಡಿದರೂ ಏನೂ ಕಾಣದು. ಮಗಳ ಮನಸ್ಸಿನಿಂದಲೂ ಹೀಗೇ ಒರೆಸಿಹೋಗಲಿ ಎಂಬುದೊಂದೇ ನನ್ನ ಆಸೆ.

ಅವರು ಹಾಲಿನ ಲೋಟ ಅವಳ ಮುಂದಿಟ್ಟು ತಲೆ ಸವರಿದರು. "ಯಾಕೆ ಪುಟ್ಟಿ ಸಪ್ಪಗಿದ್ದೀಯ? ದಿನಾ ನನ್ನ ತಲೆ ತಿನ್ನೋಳು, ಇವತ್ತು ಉಪವಾಸನಾ?"

"ಪ್ರಯೋಗ ಹಾಳಾಯ್ತಾ ಅಪ್ಪಾ?"

ಆ ಮಾತು ಎತ್ತಿದರೆ ಸಾಕು, ಅವರು ಕರಗುತ್ತಾರೆ. "ನೋಡು, ಗಾಜಿನ ಗೂಡಲ್ಲಿ ಪರಮಾಣುಗಳು ಸಾಲಾಗಿ ನಿಂತಿರ್ತವೆ. ಒಂದನ್ನ ಮಾತ್ರ ತಿರುಗಿಸ್ತೀನಿ. ಅದು ಪಕ್ಕದ್ದನ್ನ ಕೆಣಕುತ್ತೆ, ಅದು ಇನ್ನೊಂದನ್ನ. ಗಲಾಟೆಯೋ ಗಲಾಟೆ. ಕೊನೆಗೆ ಎಲ್ಲಾ ಶಾಂತ. ಯಾವುದನ್ನ ಕೇಳಿದ್ರೂ ಏನೂ ಆಗೇ ಇಲ್ಲ ಅನ್ನುತ್ತೆ."

"ಹಾಗಾದ್ರೆ ಅಳಿಸಿಹೋಯ್ತಾ?"

"ಎಲ್ಲಿ ಹೋಗುತ್ತೆ? ಎಲ್ಲದರ ಒಳಗೂ ಹರಡಿಕೊಂಡು ಕೂತಿರುತ್ತೆ. ಒಂದಿಷ್ಟೂ ತಪ್ಪದೆ ಹಿಂದಕ್ಕೆ ಓಡಿಸಿದ್ರೆ, ಮತ್ತೆ ಆ ಒಂದರಲ್ಲೇ ಸಿಗುತ್ತೆ. ಒಂಚೂರು ಅದುರಿದ್ರೆ ಮುಗೀತು, ವಾಪಸ್ಸು ಬರಲ್ಲ."

ಅವಳು ಲೋಟವನ್ನು ತಿರುಗಿಸುತ್ತ ನನ್ನ ತುಟಿಯನ್ನೇ ನೋಡಿದಳು. ಬೇಡ ಎಂದು ಕಣ್ಣಲ್ಲೇ ಹೇಳಿದೆ. ಪ್ರತಿ ಸಲವೂ ಆ ಸನ್ನೆಗೆ ಬಾಯಿ ಮುಚ್ಚಿಕೊಳ್ಳುತ್ತಿದ್ದವಳು ಇವತ್ತು ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ನಾವಿರೋದು ಮೂರೇ ಜನ. ನೀನು ಅಮ್ಮನಿಗೆ ಹೊಡೆದೆಯಲ್ಲ, ಅದು ಈಗ ನಮ್ಮಲ್ಲಿ ಯಾರೊಳಗೆ ಕೂತಿದೆ?"