ಒಂಬತ್ತನೆಯ ಆಳು

"ಬೆಳಕು ನನ್ನ ಮುಖಕ್ಕಲ್ಲ ಕಣೋ, ನೆಲಕ್ಕೆ ಹಿಡಿ!" ಎಂದು ಪೈಪಣ್ಣ ಗದರಿದ. ಎಲ್ಲರೂ ರೇಡಿಯೋ ಎಂದು ಕರೆಯುವ ಜೊತೆಗಾರ ಟಾರ್ಚು ತಗ್ಗಿಸಿದ. ಪೈಪಣ್ಣ ಕಬ್ಬಿಣದ ಕೊಳವೆಯನ್ನು ಹುಲ್ಲಿನ ಮೇಲಿಟ್ಟು, ಎರಡೂ ಕೈಯಲ್ಲಿ ಹಿಡಿಯನ್ನು ತಿರುಗಿಸಿ, ಗೇಣುದ್ದ ಒಳಗಿಳಿಸಿ ಎಳೆದ. ತಲೆಯ ಮೇಲೆ ಹುಲ್ಲು ಹೊತ್ತ ಮಣ್ಣಿನ ಉಂಡೆ ಇಡಿಯಾಗಿ ಎದ್ದು ಬಂತು. ಅದನ್ನು ಒಯ್ದು ನಿನ್ನೆಯ ಹೋಲಿನೊಳಗೆ ಇಳಿಸಿ, ಅಂಗೈಯಲ್ಲಿ ಒತ್ತಿ, ಅಂಚಿನ ಸುತ್ತ ಬೆರಳಾಡಿಸಿದ.

ಗಾಲ್ಫ್ ಮೈದಾನದಲ್ಲಿ ಇದು ದಿನದಿನದ ಕೆಲಸ. ಚೆಂಡು ಬೀಳುವ ಹೋಲು ಒಂದೇ ಕಡೆ ಇದ್ದರೆ ಸುತ್ತಲಿನ ಹುಲ್ಲು ಸವೆದುಹೋಗುತ್ತದೆ. ಅದಕ್ಕೇ ದಿನಕ್ಕೊಂದು ಹೊಸ ಜಾಗದಲ್ಲಿ ಕೊರೆದು, ಅಲ್ಲಿಂದ ಬಂದ ಮಣ್ಣಿನಿಂದಲೇ ಹಳೆಯದನ್ನು ಮುಚ್ಚಬೇಕು. ಹಾಗೆ ಮುಚ್ಚುವುದರಲ್ಲಿ ಇಲ್ಲಿನ ಮೇಸ್ತ್ರಿಯನ್ನು, ಅಂದರೆ ಪೈಪಣ್ಣನ ಅಕ್ಕನ ಗಂಡನನ್ನು, ಮೀರಿಸುವವರು ಹುಟ್ಟಿರಲಿಲ್ಲ. "ನಿನ್ನೆ ಎಲ್ಲಿತ್ತು ಅಂತ ಇವತ್ತು ಗೊತ್ತಾಗಬಾರದು" ಎನ್ನುತ್ತಿದ್ದ ಭಾವ. ಮೊನ್ನೆ ಬೆಳಗ್ಗೆ ಇದೇ ಹನ್ನೆರಡನೇ ಹೋಲಿನ ಹತ್ತಿರ, ಇದೇ ಕೊಳವೆ ಹಿಡಿದು ಬಗ್ಗಿದವನು ಮತ್ತೆ ಏಳಲಿಲ್ಲ. ಮೈದಾನದ ಒಂಬತ್ತು ಆಳುಗಳು ಹದಿನೆಂಟು ಹೋಲಿಗೆ ಹರಡಿಕೊಂಡರೆ ಒಬ್ಬನ ಕಣ್ಣಿಗೆ ಇನ್ನೊಬ್ಬ ಬೀಳುವುದಿಲ್ಲ. ಆಡಲು ಬಂದ ಯಾರೋ ನೋಡಿ ಕೂಗಿಕೊಳ್ಳುವ ಹೊತ್ತಿಗೆ ಮೈ ತಣ್ಣಗಾಗಿತ್ತು.

ಈಗ ಉಳಿದವರು ಎಂಟು ಜನ. ಇವತ್ತು ಹನ್ನೊಂದಕ್ಕೆ ಮಣ್ಣು. ಒಂಬತ್ತಕ್ಕೆ ಕ್ಲಬ್ಬಿನ ದೊಡ್ಡ ಪಂದ್ಯ ಬೇರೆ. ಮ್ಯಾನೇಜರು ರಜೆ ಕೊಟ್ಟದ್ದು ಇಬ್ಬರಿಗೆ ಮಾತ್ರ. ಆಗ ರೇಡಿಯೋನೇ ಬಾಯಿ ಹಾಕಿದ್ದ. ಹುಲ್ಲು ಕತ್ತರಿಸುವ ದೊಡ್ಡ ಯಂತ್ರ ಓಡಿಸುವ ಅವನಿಗೆ ಆ ಹೆಸರು ಬಿದ್ದದ್ದು ಬಾಯಿ ಮುಚ್ಚಲು ಬಾರದ್ದಕ್ಕೆ. ನೀರಿನ ಕೊಳವೆ ನೋಡಿಕೊಳ್ಳುವವನು ಪೈಪಣ್ಣ ಆದದ್ದಕ್ಕೆ ಬೇರೆ ವಿವರಣೆ ಬೇಡ.

"ಮೇಸ್ತ್ರಿ ಮಣ್ಣಿಗೆ ಇಬ್ಬರೇ ಹೋದ್ರೆ ನಾವೇನು ಮನುಷ್ಯರಾ, ಮರದ ಕೊರಡಾ?" ಎಂದಿದ್ದ ರೇಡಿಯೋ. "ಮೂರೂವರೆಗೆ ಎಲ್ಲಾ ಬನ್ನಿ. ಎಂಟೂವರೆಗೆ ಹದಿನೆಂಟೂ ಮುಗಿಸಿಬಿಡೋಣ. ಆಮೇಲೆ ಯಾರು ತಡೀತಾರೆ ನೋಡೋಣ. ಒಂದು ಗೆರೆ ಸೊಟ್ಟ ಆಗಬಾರದು ಮತ್ತೆ, ಹೇಳಿದ್ದೀನಿ. ಅವರು ನೋಡ್ತಿದ್ದಾರೆ ಅಂದ್ಕೊಂಡೇ ಮಾಡಿ."

ಮಾಡಿದರು. ಉಸಿರು ಬಿಡಲೂ ಪುರುಸೊತ್ತಿಲ್ಲದೆ ಮಾಡಿದರು. ಸೊಂಟ ಹಿಡಿದವನೂ ಮರಳುಗುಂಡಿಗಿಳಿದು ಮರಳನ್ನು ಎಳೆದು ಸಮ ಮಾಡಿದ. ಎಂಟೂಕಾಲಿಗೆ ಪೈಪಣ್ಣ ದಿಬ್ಬ ಹತ್ತಿ ನಿಂತು ನೋಡಿದ. ಅಷ್ಟು ಚೆಂದ ಇತ್ತು ಮೈದಾನ. ಒಂದು ಎಲೆ ಬಿದ್ದಿರಲಿಲ್ಲ. ಭಾವ ಇದ್ದಿದ್ದರೆ ಏನೂ ಹೇಳುತ್ತಿರಲಿಲ್ಲ, ಒಂದು ಸಲ ಮೂಗು ಉಜ್ಜಿಕೊಂಡು ಮುಂದೆ ಹೋಗುತ್ತಿದ್ದ. ಅದೇ ಅವನ ಶಹಬ್ಬಾಸ್‌ಗಿರಿ.

ಪೈಪಣ್ಣನಿಗೆ ಅಳುವುದಕ್ಕಿಂತ ದೊಡ್ಡ ಕೆಲಸ ಒಂದಿತ್ತು. ಅಕ್ಕ, ಅಕ್ಕನ ಮಗಳು ಇರುವುದು ಯಂತ್ರದ ಕೊಟ್ಟಿಗೆಯ ಹಿಂದಿನ ಎರಡು ಕೋಣೆಯಲ್ಲಿ. ಮೇಸ್ತ್ರಿಗೆ ಕ್ಲಬ್ಬು ಕೊಟ್ಟ ಮನೆ ಅದು. ಅಲ್ಲಿ ಇರುವವರಲ್ಲೇ ಒಬ್ಬರು ಕೆಲಸದಲ್ಲಿದ್ದರೆ ಉಂಟು, ಇಲ್ಲವಾದರೆ ಇಲ್ಲ. ನಿನ್ನೆ ಅವನು ಮ್ಯಾನೇಜರ ಮುಂದೆ ಕೈಕಟ್ಟಿ ನಿಂತು, "ಸಾರ್, ಭಾವನ ಜಾಗಕ್ಕೆ ಮಗಳನ್ನೇ ತಗೊಳ್ಳಿ. ಅಪ್ಪನ ಹಿಂದೆ ತಿರುಗಿ ತಿರುಗಿ ಎಲ್ಲಾ ಕಲ್ತಿದ್ದಾಳೆ" ಎಂದಿದ್ದ. ಮ್ಯಾನೇಜರು ಇಲ್ಲವೆನ್ನಲಿಲ್ಲ. "ಮೊದಲು ಮಣ್ಣಾಗಲಿ. ಒಂಬತ್ತನೆಯವರು ಬೇಕೇ ಬೇಕಾ ಅಂತ ನೋಡ್ಬೇಕಲ್ಲ. ನಾಳೆ ಅಲ್ಲೇ ಸಿಕ್ಕಿ ಹೇಳ್ತೀನಿ" ಎಂದಿದ್ದರು.

* * *

ಒಂಬತ್ತು ಎನ್ನುವ ಲೆಕ್ಕ ಹುಟ್ಟಿದ್ದು ಆರು ವರ್ಷದ ಹಿಂದೆ. ಆಗ ಹದಿನೇಳು ಜನ ಇದ್ದರು. ಈ ಮೈದಾನಕ್ಕೆ ನಿಜವಾಗಿ ಎಷ್ಟು ಆಳು ಬೇಕು ಎಂದು ಲೆಕ್ಕ ಹಾಕಲು ಕ್ಲಬ್ಬಿನವರು ಒಬ್ಬರನ್ನು ಕರೆಸಿದ್ದರು. ಕೈಯಲ್ಲಿ ಹಲಗೆ, ಹಲಗೆಯ ಮೇಲೆ ಕಾಗದ, ಕೊರಳಿನಲ್ಲಿ ದಾರ ಕಟ್ಟಿದ ಗಡಿಯಾರ. ಕೆಟ್ಟ ಮನುಷ್ಯನೇನಲ್ಲ. "ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ, ನಾನು ಇಲ್ಲಿಲ್ಲ ಅಂದ್ಕೊಳ್ಳಿ" ಎಂದೂ ಹೇಳಿದ್ದ. ಹೇಳಿದರೆ ಆಯಿತೇ? ಮನೆಗೆ ನೆಂಟರು ಬಂದಾಗ ಯಾರು ದಿನದ ಹಾಗೆ ಇರುತ್ತಾರೆ?

ಹಿಂದಿನ ದಿನವೇ ಭಾವ ಹದಿನೇಳು ಜನರನ್ನೂ ಕೊಟ್ಟಿಗೆಯ ಮುಂದೆ ನಿಲ್ಲಿಸಿಕೊಂಡಿದ್ದ.

"ನೋಡ್ರಪ್ಪಾ, ಇಲ್ಲಿಗೆ ಬರೋರೆಲ್ಲ ಚೆಂಡು ನೋಡ್ತಾರೆ. ಹುಲ್ಲು ನೋಡೋಕೆ ಅಂತ ಒಬ್ಬ ಬಂದಿರೋದು ಇದೇ ಮೊದಲು. ನಮ್ಮ ಕೆಲಸ ಅಂದ್ರೆ ಏನು ಅಂತ ಅವನಿಗೆ ಗೊತ್ತಾಗಬೇಕು. ನನ್ನ ಮಾನ ನಿಮ್ಮ ಕೈಲಿದೆ."

ಮರುದಿನ ಎಲ್ಲರೂ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದರು. ಮೂರು ದಿನ ಒಬ್ಬನೂ ಟೀ ಕುಡಿಯಲು ಕೂರಲಿಲ್ಲ, ಒಬ್ಬನೂ ಬೀಡಿ ಹಚ್ಚಲಿಲ್ಲ. ನಲವತ್ತು ನಿಮಿಷ ಹಿಡಿಯುವ ಕೆಲಸ ಇಪ್ಪತ್ತೆರಡಕ್ಕೆ ಬಂತು. ಹೋಲು ಕೊರೆದು ಹಳೆಯದನ್ನು ಮುಚ್ಚುವುದಕ್ಕೆ ಭಾವನಿಗೆ ಹಿಡಿದದ್ದು ಮೂರೇ ನಿಮಿಷ. ಮೇಲೆದ್ದು ನಗುತ್ತಾ, "ಸಾರ್, ನಿಮ್ಮ ಗಡಿಯಾರ ನಿಂತಿಲ್ಲ ತಾನೇ?" ಎಂದು ಬೇರೆ ಕೇಳಿದ. ಆತ ನಕ್ಕು ಬರೆದುಕೊಂಡ. ಹಿಂದೆ ಓಡಿ ಓಡಿ ಏದುಸಿರು ಬಿಡುತ್ತಿದ್ದ ಪೈಪಣ್ಣ, "ಭಾವ, ಸ್ವಲ್ಪ ನಿಧಾನ ಮಾಡೋಣ್ವಾ?" ಎಂದದ್ದುಂಟು. "ಸುಮ್ನೆ ಬಾರೋ, ಸೋಮಾರಿ" ಎಂದು ಭಾವ ಬೆನ್ನಿಗೊಂದು ಗುದ್ದಿದ. ಪೈಪಣ್ಣನೂ ಖುಷಿಯಲ್ಲಿದ್ದ. ಅದನ್ನು ಅವನು ಯಾರ ಹತ್ತಿರವೂ ಬಚ್ಚಿಡುವುದಿಲ್ಲ.

ತಿಂಗಳ ಮೇಲೆ ಕಾಗದ ಬಂತು. ಹುಲ್ಲಿಗೆ ಇಷ್ಟು ಗಂಟೆ, ಮರಳಿಗೆ ಇಷ್ಟು, ನೀರಿಗೆ ಇಷ್ಟು, ಮರಕ್ಕೆ ಇಷ್ಟು. ಎಲ್ಲ ಕೂಡಿಸಿ ಭಾಗಿಸಿದರೆ ಎಂಟೂವರೆ ಮನುಷ್ಯರು ಸಾಕಂತೆ. ದೊಡ್ಡ ಮನಸ್ಸು ಮಾಡಿ ಆ ಅರ್ಧ ಮನುಷ್ಯನನ್ನು ಪೂರ್ತಿ ಮಾಡಿದ್ದರು. ಹೋಗಬೇಕಾದ ಎಂಟು ಜನ ಯಾರೆಂದು ಭಾವನೇ ಬರೆದುಕೊಡಬೇಕಾಯಿತು.

ಅಲ್ಲಿಗೆ ಭಾವನ ಬಾಯಿ ಬಿದ್ದುಹೋಯಿತು. ಹೋದವರ ಕೆಲಸವನ್ನು ತಾನೇ ಮಾಡಲು ಹೊರಟವನಂತೆ, ಎಲ್ಲರಿಗಿಂತ ಎರಡು ಗಂಟೆ ಮೊದಲೇ ಮೈದಾನಕ್ಕಿಳಿಯತೊಡಗಿದ. ಆರು ವರ್ಷದಲ್ಲಿ ಒಂದೇ ಒಂದು ಸಲ ಆ ಮಾತೆತ್ತಿದ್ದ, ಅದೂ ಹುಲ್ಲಿಗೆ ನೀರು ಬಿಡುತ್ತಾ: "ಅವತ್ತು ಯಾರಾದ್ರೂ ಒಬ್ಬ ಕೂತಿದ್ರೂ ಸಾಕಿತ್ತು ಕಣೋ. ಒಬ್ಬ ಸುಮ್ನೆ ಕೂತು ಟೀ ಕುಡಿದಿದ್ರೆ."

* * *

ಎಂಟು ಜನ ಒದ್ದೆ ಬೂಟಿನಲ್ಲೇ ಅಕ್ಕನ ಮನೆಗೆ ಬಂದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಕೋಣೆಯಲ್ಲಿ ಭಾವನನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಉಗುರಿನ ಸಂದಿಯ ಮಣ್ಣು ಎಷ್ಟು ತೊಳೆದರೂ ಹೋಗಿರಲಿಲ್ಲ.

"ಪುಣ್ಯಾತ್ಮ, ನರಳದೆ ಹೋದ" ಎಂದಳು ಪಕ್ಕದ ಮನೆಯಾಕೆ.

"ನರಳೋಕೆ ಪುರುಸೊತ್ತೆಲ್ಲಿತ್ತು ಅವರಿಗೆ" ಎಂದಳು ಅಕ್ಕ. ಅವಳ ಕಣ್ಣು ಒಣಗಿತ್ತು. ತಮ್ಮನನ್ನು ಪಕ್ಕಕ್ಕೆ ಕರೆದು, "ಮ್ಯಾನೇಜರು ಏನಂದ್ರು?" ಎಂದು ಕೇಳಿದಳು.

"ಅಲ್ಲಿಗೇ ಬರ್ತಾರಂತೆ. ಕೇಳ್ತೀನಿ."

"ಮರೀಬೇಡ ಕಣೋ. ನಾನೆಲ್ಲಿಗಾದ್ರೂ ಹೋಗ್ತೀನಿ, ಯಾರ ಮನೆ ಮೂಲೇಲಾದ್ರೂ ಬಿದ್ಕೋತೀನಿ. ಇವಳಿಗೊಂದು ನೆಲೆ ಆಗಲಿ."

ಮಗಳು ಬಾಗಿಲ ಬಳಿ ಅಪ್ಪನ ಬೂಟನ್ನು ಒರೆಸುತ್ತಾ ಕೂತಿದ್ದಳು. ಇಪ್ಪತ್ತೆರಡು ವರ್ಷದ ಗಟ್ಟಿ ಹುಡುಗಿ. "ಮಾವ, ಹನ್ನೆರಡನೇದು ಯಾರು ಮಾಡಿದ್ರು?" ಎಂದು ಕೇಳಿದಳು.

"ನಾನೇ."

"ಹಳೇ ಹೋಲು ಕಾಣುತ್ತಾ?"

"ಇಲ್ಲ ಮಗಳೇ. ಕಾಣಲ್ಲ."

ಅವಳು ತಲೆಯಾಡಿಸಿ ಮತ್ತೆ ಬೂಟು ಒರೆಸತೊಡಗಿದಳು.

ಹೊರಗೆ, ಗುಂಪಿನಿಂದ ದೂರದಲ್ಲಿ, ಗರಗಸ ನಿಂತಿದ್ದ. ಮರ ಕಡಿಯುತ್ತಿದ್ದವನು, ಅಂದು ಕೆಲಸದಿಂದ ಕಳಿಸಿದ ಎಂಟು ಜನರಲ್ಲಿ ಒಬ್ಬ. ಆರು ವರ್ಷದಲ್ಲಿ ಕೂದಲೆಲ್ಲ ನೆರೆತಿತ್ತು. ಪೈಪಣ್ಣ ಕಂಡೂ ಕಾಣದವನಂತೆ ಬೂಟಿನ ಮಣ್ಣು ಕೆರೆಯತೊಡಗಿದ. ಅವನೇ ಹತ್ತಿರ ಬಂದ.

"ಬರಬಾರದು ಅಂದ್ಕೊಂಡಿದ್ದೆ. ನನ್ನ ಹೆಂಡತಿ ಬೈದು ಕಳಿಸಿದ್ಲು" ಎಂದ. "ನಿನ್ನ ಭಾವ ನಮ್ಮನೆಗೆ ಬಂದಿದ್ದ, ಗೊತ್ತಾ? ಕೆಲಸ ಹೋದ ವಾರದಲ್ಲಿ. ಬಾಗಿಲಲ್ಲಿ ನಿಂತ. ಒಳಗೆ ಬಾ ಅನ್ನಲಿಲ್ಲ ನಾನು. ಅವನೂ ಒಂದು ಮಾತಾಡಲಿಲ್ಲ. ಅಂಗಳದ ಬೇಲಿ ಬಿದ್ದಿತ್ತು, ಅದನ್ನ ಎತ್ತಿ ಕಟ್ಟಿ ಹೋದ."

"ಹೇಳಿರಲಿಲ್ಲ ಅವರು."

"ಅವನೇನು ಹೇಳ್ತಾನೆ. ಬೇಲಿ ಇನ್ನೂ ಬಿದ್ದಿಲ್ಲ, ಹಾಳಾದ್ದು" ಎಂದವನೇ ಗರಗಸ ಮುಖ ಆ ಕಡೆ ಮಾಡಿದ.

* * *

ಸ್ಮಶಾನ ದೂರವಿರಲಿಲ್ಲ. ಅಲ್ಲಿನ ಕಾವಲುಗಾರ ಕುಳಿಯ ಮೇಲಿನ ಹುಲ್ಲುಹಾಸನ್ನು ಚೌಕ ಚೌಕವಾಗಿ ಕತ್ತರಿಸಿ ಪಕ್ಕದಲ್ಲಿ ಜೋಡಿಸಿಟ್ಟಿದ್ದ. ಪೆಟ್ಟಿಗೆ ಕೆಳಗಿಳಿಯಿತು. ಅಕ್ಕ ಆಗ ಅತ್ತಳು, ಎಲ್ಲರ ಎದೆ ಒಡೆಯುವ ಹಾಗೆ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದ ಮೇಲೆ ಕಾವಲುಗಾರ, "ಉಳಿದಿದ್ದು ನಾವು ನೋಡ್ಕೋತೀವಿ" ಎಂದ.

"ನೀವೇನು ನೋಡ್ಕೊಳ್ಳೋದು? ನಮ್ಮ ಮೇಸ್ತ್ರಿಗೆ ನಾವೇ ಮುಚ್ತೀವಿ" ಎಂದು ರೇಡಿಯೋ ಅವನ ಕೈಯ ಸಲಿಕೆ ಕಿತ್ತುಕೊಂಡ. ಉಳಿದವರೂ ಕೈಗೆ ಸಿಕ್ಕ ಸಲಿಕೆ ಹಿಡಿದರು.

ಮ್ಯಾನೇಜರು ಹೂವಿಟ್ಟು ಬಂದು ಪೈಪಣ್ಣನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದರು.

"ಒಳ್ಳೆ ಮನುಷ್ಯ ಪಾಪ. ಇವರಿಲ್ಲದೆ ಹೇಗೆ ಅಂತ ನನಗೂ ಭಯ ಇತ್ತು. ಆದ್ರೆ ಬೆಳಗ್ಗೆ ಎಂಟೂವರೆಗೆ ಒಂದು ಸುತ್ತು ಹೋಗಿ ಬಂದೆ ನೋಡಿ. ನಿಜ ಹೇಳ್ತೀನಿ, ಮೈದಾನನ ಇಷ್ಟು ಚೆನ್ನಾಗಿ ನಾನು ನೋಡೇ ಇರಲಿಲ್ಲ. ಬಂದೋರೆಲ್ಲ ಹೊಗಳಿದ್ದೇ ಹೊಗಳಿದ್ದು. ಎಂಟೇ ಜನ ಮಾಡಿದ್ದು ಅಂದ್ರೆ ಯಾರೂ ನಂಬಲಿಲ್ಲ."

ಬೆಳಗಿನಿಂದ ತಾವು ಮಾಡಿಕೊಂಡದ್ದು ಏನೆಂದು ಪೈಪಣ್ಣನಿಗೆ ಆಗ ಹೊಳೆಯಿತು. ಅಯ್ಯೋ, ಮತ್ತೆ ಅದೇ! ಯಾರಾದರೂ ಒಬ್ಬ ಕೂತಿದ್ದರೂ ಸಾಕಿತ್ತು.

"ಸಾರ್, ಅದು ಇವತ್ತೊಂದು ದಿನ" ಎಂದ. "ಮೂರೂವರೆಗೆ ಶುರು ಮಾಡಿದ್ವಿ ಸಾರ್. ಎಲ್ಲರೂ ಇಲ್ಲಿಗೆ ಬರಬೇಕಿತ್ತಲ್ಲ, ಅದಕ್ಕೆ. ಅವರಿಗೋಸ್ಕರ ಮಾಡಿದ್ದು."

"ಅದೇ ನಾನು ಹೇಳೋದು. ಬೇಗ ಶುರು ಮಾಡಿದ್ರೆ ಆಗುತ್ತೆ ಅಂತಾಯ್ತಲ್ಲ."

"ದಿನಾ ಆಗಲ್ಲ ಸಾರ್. ಸತ್ತೋಗ್ತೀವಿ."

ಮಾತು ಬಾಯಿಂದ ಜಾರಿತ್ತು. ಇಬ್ಬರೂ ಕುಳಿಯ ಕಡೆ ನೋಡಿದರು. ಮ್ಯಾನೇಜರು ಮೊದಲು ನೋಟ ತಿರುಗಿಸಿದರು.

"ನನ್ನ ಮೇಲೂ ಜನ ಇದ್ದಾರೆ. ಒಂಬತ್ತನೆಯವರು ಯಾಕೆ ಅಂತ ಅವರು ಕೇಳಿದ್ರೆ ನಾನೇನು ತೋರಿಸ್ಲಿ ಹೇಳಿ, ಇವತ್ತಿನ ಮೈದಾನ ತೋರಿಸ್ಲಾ? ಹುಡುಗಿ ವಿಷಯ ನನಗೂ ಬೇಜಾರೇ. ಮನೇಲಿ ತಿಂಗಳ ಕೊನೆವರೆಗೂ ಇರಲಿ. ಅವಸರ ಏನಿಲ್ಲ."

ಇನ್ನೊಂದು ಸಲ ಹೆಗಲು ತಟ್ಟಿ, ಪಂದ್ಯದ ಬಹುಮಾನಕ್ಕೆ ಹೊತ್ತಾಯಿತೆಂದು ಅವರು ಹೊರಟುಹೋದರು. ಬೇಡಿಕೊಳ್ಳಲು, ಕಾಲು ಹಿಡಿಯಲು, ಕೊನೆಗೆ ಬೈಯಲು ಕೂಡ ಪೈಪಣ್ಣನಿಗೆ ಏನೂ ಉಳಿಯಲಿಲ್ಲ. ತೋರಿಸಬೇಕಾದ್ದನ್ನು ತಾವೇ ಟಾರ್ಚು ಹಿಡಿದು ತೋರಿಸಿಬಿಟ್ಟಿದ್ದರು.

ತಿರುಗಿ ಬರುವಷ್ಟರಲ್ಲಿ ಕುಳಿ ತುಂಬಿತ್ತು. ಸಲಿಕೆಗಳು ಒಂದಕ್ಕೊಂದು ತಾಗದೆ ಏಳುತ್ತಿದ್ದವು, ಬೀಳುತ್ತಿದ್ದವು. ಒಬ್ಬ ಮಣ್ಣು ತುಳಿದ, ಒಬ್ಬ ಮಟ್ಟ ನೋಡಿದ, ರೇಡಿಯೋ ಹುಲ್ಲಿನ ಚೌಕಗಳನ್ನು ಒಂದೊಂದಾಗಿ ಕೂರಿಸಿದ. ಕಾವಲುಗಾರ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ನಾವು ನಾಲ್ಕು ಜನ ಮಧ್ಯಾಹ್ನದವರೆಗೂ ಮಾಡ್ತೀವಪ್ಪಾ ಇದನ್ನ. ನೀವು ಕಣ್ಣು ಮಿಟುಕಿಸೋದ್ರೊಳಗೆ ಮುಗಿಸಿಬಿಟ್ರಲ್ಲ!"

"ಸುಮ್ನಿರಪ್ಪಾ ನೀನು" ಎಂದ ಪೈಪಣ್ಣ.

ಅಕ್ಕ ದೂರದಿಂದಲೇ ಅವನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ಅಕ್ಕನಿಗೆ ತಿಳಿಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೇಟಿನ ಕಡೆ ನಡೆದಳು. ಆಳುಗಳು ಒಬ್ಬೊಬ್ಬರಾಗಿ ಅವಳ ಹಿಂದೆ ಹೊರಟರು. ಎರಡು ಗಂಟೆಗೆ ಮತ್ತೆ ನೀರು ಬಿಡಬೇಕಿತ್ತು.

ಪೈಪಣ್ಣ ನಿಂತೇ ಇದ್ದ. ಹುಲ್ಲು ಎಲ್ಲಿಂದ ಎಲ್ಲಿಗೂ ಒಂದೇ ಸಮನಾಗಿತ್ತು. ಹತ್ತು ಹೆಜ್ಜೆ ದೂರದಿಂದ ನೋಡಿದರೆ ಇಲ್ಲಿ ಒಬ್ಬ ಮನುಷ್ಯನನ್ನು ಇಟ್ಟಿದ್ದಾರೆ ಎಂದು ಯಾರೂ ಹೇಳಲಾರರು. ಅವನಿಗೆ ರೋಷ ಉಕ್ಕಿ ಬಂತು. ಬಗ್ಗಿ, ತಲೆಯ ಕಡೆಯ ಒಂದು ಚೌಕದ ಸಂದಿಗೆ ಬೆರಳು ತೂರಿಸಿ, ಅದನ್ನು ಕಿತ್ತು ಪಕ್ಕಕ್ಕೆ ಎಸೆದ. ಕೆಳಗಿನ ಮಣ್ಣು ಕಪ್ಪಗೆ ಕಾಣಿಸಿತು. ಇರಲಿ. ಇಷ್ಟಾದರೂ ಬಾಕಿ ಇರಲಿ. ನೋಡಿದವರು ಇಲ್ಲಿ ಇನ್ನೂ ಒಬ್ಬರ ಕೆಲಸ ಇದೆ ಅಂದುಕೊಳ್ಳಲಿ. ಕೈ ಕೊಡವಿಕೊಂಡು, ಹಿಂದೆ ನೋಡದೆ ಗೇಟಿನವರೆಗೂ ನಡೆದ.

ಅಲ್ಲಿ ಅಕ್ಕ ಒಬ್ಬಳೇ ನಿಂತಿದ್ದಳು. "ಮಗಳೆಲ್ಲಿ?" ಎಂದಳು.

ಅವನು ತಿರುಗಿ ನೋಡಿದ. ಅವಳು ಕುಳಿಯ ಪಕ್ಕ ಮಂಡಿಯೂರಿ ಕೂತಿದ್ದಳು. ಎಸೆದ ಚೌಕವನ್ನು ತಂದು, ಅಂಚಿನ ಮಣ್ಣು ಕೊಡವಿ, ಖಾಲಿ ಜಾಗದಲ್ಲಿ ಇಳಿಸಿ, ಅಂಗೈಯಲ್ಲಿ ಒತ್ತಿ, ಸುತ್ತ ಬೆರಳಾಡಿಸುತ್ತಿದ್ದಳು. ಆಮೇಲೆ ಎದ್ದು, ಹತ್ತು ಹೆಜ್ಜೆ ಹಿಂದೆ ಬಂದು, ಸಂದಿ ಕಾಣುತ್ತದೆಯೇ ಎಂದು ನೋಡಿದಳು. ಒಂದು ಸಲ ಮೂಗು ಉಜ್ಜಿಕೊಂಡಳು.