ಮೈಕು ಕಳೆದುಕೊಂಡ ದುರ್ಯೋಧನ

ಸತ್ತ ತಾಯಿ ಮಗಳ ಪ್ರಶ್ನೆಗೆ ಏನೂ ಹೇಳದೆ ಸುಮ್ಮನಿರಬೇಕಾದ ಗಳಿಗೆಯಲ್ಲಿ ದುರ್ಯೋಧನ ಗದೆ ಹೊತ್ತುಕೊಂಡು ನುಗ್ಗಿಬಿಟ್ಟ. ರಾದ್ಧಾಂತವೆಲ್ಲ ಶುರುವಾದದ್ದು ಅಲ್ಲಿಂದ.

ದುರ್ಯೋಧನ ಅಂದರೆ ಕಲ್ಯಾಣದುರ್ಗದ ಈರಲಿಂಗಪ್ಪ ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ಸೆಟ್ಟೂರು, ಬ್ರಹ್ಮಸಮುದ್ರದ ಕಡೆಯ ಹಳ್ಳಿಗಳಲ್ಲಿ ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂತು, ಅಪ್ಪಂದಿರಿಗೂ ಮಕ್ಕಳಿಗೂ ಪದ್ಯ ಕಲಿಸಿದವರು. ಭೀಮ, ಕೃಷ್ಣ, ಅರ್ಜುನ, ಯಾವ ಪಾರ್ಟನ್ನು ಬೇಕಾದರೂ ಯಾರಿಗೆ ಬೇಕಾದರೂ ಕೊಡುತ್ತಿದ್ದರು; ದುರ್ಯೋಧನನನ್ನು ಮಾತ್ರ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಆಮೇಲೆ ಮನೆಮನೆಗೂ ಟಿವಿ ಬಂತು, ಹಳ್ಳಿಯ ಹುಡುಗರಿಗೆ ಪದ್ಯ ಬಾಯಿಪಾಠ ಮಾಡುವ ವ್ಯವಧಾನ ಹೋಯಿತು, ಮೇಷ್ಟ್ರನ್ನು ಕರೆಯುವವರು ಇಲ್ಲವಾದರು. ಎರಡು ಸಾವಿರದ ಎಂಟನೇ ಇಸವಿಯ ಹೊತ್ತಿಗೆ ಅವರ ಹಾರ್ಮೋನಿಯಂ ಮೇಲೆ ಮನೆಯವರು ಇಸ್ತ್ರಿ ಬಟ್ಟೆ ಇಡುವಂತಾಗಿತ್ತು.

ಅಂಥ ಹೊತ್ತಿನಲ್ಲಿ ಅವರ ಹಳೆಯ ಶಿಷ್ಯ, ನೆಟ್ ಸೆಂಟರ್ ಇಟ್ಟುಕೊಂಡಿದ್ದ ಓಬುಳಪತಿ, "ಮೇಷ್ಟ್ರೇ, ಈಗ ನಾಟ್ಕ ಎಲ್ಲಾ ಕಂಪ್ಯೂಟ್ರಲ್ಲಿ ನಡೀತೈತೆ, ಬಂದ್ ನೋಡ್ರಿ" ಎಂದು ಕರೆದುಕೊಂಡು ಹೋದ. ಹಿಂದೂಪುರದ ಅಂಬರೀಶ್ ಎಂಬ ಹುಡುಗ ಇಂಟರ್ನೆಟ್ಟಿನಲ್ಲಿ ಕಟ್ಟಿದ ಗುಂಪು ಅದು, ಹೆಸರು ಗಡಿನಾಡ ರಂಗಬಳಗ. ಹಿಂದೂಪುರ, ಮಡಕಶಿರಾ, ಪಾವಗಡ, ಎಲ್ಲೆಲ್ಲಿಯದೋ ಜನ. ಭಾನುವಾರ ಮಧ್ಯಾಹ್ನ ಎಲ್ಲರೂ ಅವರವರ ಊರಿನಲ್ಲೇ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಬ್ಬೊಬ್ಬರಾಗಿ ಮೈಕು ಹಿಡಿಯುವುದು. ಮುಖ ಕಾಣದು, ದನಿ ಮಾತ್ರ. ಅರ್ಧ ಜನ ಮೇಷ್ಟ್ರ ವಯಸ್ಸಿನ ಪದ್ಯದವರು, ಇನ್ನರ್ಧ ಈಗಷ್ಟೇ ಕಾಲೇಜು ಮುಗಿಸಿ ಹೊಸ ನಾಟಕ ಬರೆಯುವ ಹುಡುಗ ಹುಡುಗಿಯರು. ಪದ್ಯ ಶುರುವಾದರೆ ಹುಡುಗರು ಟೀ ಕುಡಿಯಲು ಎದ್ದುಹೋಗುತ್ತಿದ್ದರು. ಹೊಸ ನಾಟಕ ಶುರುವಾದರೆ ಹಿರಿಯರು ಎಲೆಅಡಿಕೆ ಚೀಲ ಬಿಚ್ಚುತ್ತಿದ್ದರು. ಹೀಗೆ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೆ ಎಲ್ಲರೂ ಬಹಳ ಅನ್ಯೋನ್ಯವಾಗಿದ್ದರು.

ಮೇಷ್ಟ್ರು ಮಾತ್ರ ಎಲ್ಲವನ್ನೂ ಕೇಳುತ್ತಿದ್ದರು. ಇಷ್ಟವಿದ್ದು ಅಂತಲ್ಲ, ಜೊತೆಯವರು ರಂಗದ ಮೇಲಿದ್ದಾಗ ಬೆನ್ನು ತಿರುಗಿಸುವುದು ಅವರಿಗೆ ಗೊತ್ತೇ ಇರಲಿಲ್ಲ. ಭಾನುವಾರ ಬಂತೆಂದರೆ ಬೆಳಿಗ್ಗೆಯೇ ಸ್ನಾನ ಮಾಡಿ, ಹಾರ್ಮೋನಿಯಮ್ಮನ್ನು ಆಟೋದಲ್ಲಿಟ್ಟುಕೊಂಡು ನೆಟ್ ಸೆಂಟರಿಗೆ ಹೊರಡುತ್ತಿದ್ದರು. ವಾರದ ಉಳಿದ ದಿನಗಳನ್ನು ಆ ಒಂದು ಮಧ್ಯಾಹ್ನಕ್ಕಾಗಿ ತಳ್ಳುತ್ತಿದ್ದರು ಅಂದರೆ ಸುಳ್ಳಾಗದು.

ಆವತ್ತು ಹಿಂದೂಪುರದ ಶಿರೀಷಾ ಎಂಬ ಹುಡುಗಿ ತಾನೇ ಬರೆದ ನಾಟಕ ಓದುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಮಗಳೊಬ್ಬಳು ಅವಳ ಸೀರೆಗಳನ್ನು ಮಡಚಿ ಪೆಟ್ಟಿಗೆಗೆ ಇಡುತ್ತಾ ಅವಳೊಂದಿಗೇ ಮಾತಾಡುವುದು, ಅಷ್ಟೇ ಕಥೆ. "ಅಮ್ಮಾ, ನಾನು ಬಂದಿದ್ದು ನಿನಗೆ ಗೊತ್ತಾಯ್ತಾ?" ಎಂದು ಕೇಳಿ ಶಿರೀಷಾ ಸುಮ್ಮನಾದಳು. ಸುಮ್ಮನೇ ಇದ್ದಳು. ಮಾತಾಡುವವರು ನಿಲ್ಲಿಸಿದರೆ ಆ ಮೈಕು ತಾನಾಗಿ ಬಿಟ್ಟುಹೋಗಿ ಬೇರೆಯವರಿಗೆ ಸಿಗುತ್ತಿತ್ತು. ಮೇಷ್ಟ್ರು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡರು. ಪಾಪ, ಹುಡುಗಿಗೆ ಮಾತು ಮರೆತುಹೋಗಿದೆ!

ಪೌರಾಣಿಕ ನಾಟಕದಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ರಂಗದ ಮೇಲೆ ಜೊತೆಯವನು ಬಾಯಿಬಿಟ್ಟುಕೊಂಡು ನಿಂತರೆ, ಪಕ್ಕದಲ್ಲಿರುವವನು ಕೂಡಲೇ ಒಂದು ಪದ್ಯ ಎತ್ತಿಕೊಂಡು ಅವನ ಮಾನ ಉಳಿಸಬೇಕು. ಅದು ಯಾವ ಪದ್ಯವಾದರೂ ಸರಿ. ಆಮೇಲೆ ಆ ವಿಷಯ ಎತ್ತಲೂ ಬಾರದು. ಮೇಷ್ಟ್ರು ಇದನ್ನು ಉಸಿರಾಡಿದಷ್ಟು ಸಹಜವಾಗಿ ಮಾಡಿಕೊಂಡು ಬಂದವರು. ಸಿಕ್ಕ ಮೈಕನ್ನು ಹಿಡಿದರು, ಬಾಯಿಗೆ ಬಂದದ್ದನ್ನು ಎತ್ತಿದರು.

"ಎಲೆಲೆ ಪವನನ ಸುತನೆ, ಎತ್ತು ಗದೆಯನು, ಇಂದು ನಿನ್ನ ಗರ್ವವ ಮುರಿವೆ..."

ಬಳಗದ ಅರ್ಧ ಜನ ನಕ್ಕರು. ಶಿರೀಷಾ ಅಳುತ್ತಾ ಹೊರಟುಹೋದಳು. ಹುಡುಗರು ಕೆರಳಿ ಕೆಂಡವಾಗಿ ಬರೆದದ್ದನ್ನೆಲ್ಲ ಓಬುಳಪತಿ ತೆರೆಯ ಮೇಲಿಂದ ಓದಿ ಹೇಳಿದ: ಈ ತಾತನಿಗೆ ತಾನು ಹಾಡುವುದೊಂದೇ ಮುಖ್ಯ, ಆ ಮೌನವೇ ನಾಟಕದ ಜೀವ, ಅದನ್ನೇ ತುಳಿದುಹಾಕಿದ. ಮೇಷ್ಟ್ರಿಗೆ ಸಿಟ್ಟು ಬರುವುದರ ಬದಲು ಒಳಗೊಳಗೇ ಸಂತೋಷವಾಯಿತು. ಮೌನವೇ ನಾಟಕವಂತೆ! ಎಷ್ಟು ಚೆನ್ನಾಗಿ ಆ ಹುಡುಗಿಯ ಮಾನ ಕಾಯುತ್ತಿದ್ದಾರೆ ಇವರು, ಪರವಾಗಿಲ್ಲ, ರಂಗದ ಧರ್ಮ ಗೊತ್ತಿದೆ ಅಂದುಕೊಂಡರು.

"ಏನಾರ ಹೇಳ್ರಿ ಮೇಷ್ಟ್ರೇ, ಬೈತಾವ್ರೆ" ಎಂದ ಓಬುಳಪತಿ.

"ಬೈಲಿ ಬಿಡ್ಲಾ. ಹುಡುಗಿ ಮರ್ತೋದ್ಲು ಅಂತ ನಾನ್ ಬಾಯ್ ಬಿಟ್ಟೇನಾ?"

ಬಾಯಿ ಬಿಡಲಿಲ್ಲ. ಆ ವಾರವೇ ಅಂಬರೀಶ್ ಅವರ ಮೈಕು ಕಿತ್ತುಹಾಕಿದ. ಇನ್ನು ಮುಂದೆ ಕೇಳಬಹುದು, ಹಾಡುವಂತಿಲ್ಲ. ಆಗ ಮಾತ್ರ ಮೇಷ್ಟ್ರಿಗೆ ನಿಜವಾಗಿ ನೋವಾಯಿತು. ಆದರೂ ಭಾನುವಾರಗಳನ್ನು ಬಿಡಲಿಲ್ಲ. ಹಾರ್ಮೋನಿಯಂ ಮನೆಯಲ್ಲಿಟ್ಟು ಬಂದು, ಹೆಡ್‌ಫೋನ್ ಹಾಕಿಕೊಂಡು, ಕೈಕಟ್ಟಿ ಕೂರುತ್ತಿದ್ದರು.

ಬಳಗಕ್ಕೆ ವರ್ಷ ತುಂಬಿದಾಗ ಎಲ್ಲರೂ ಹಿಂದೂಪುರದಲ್ಲಿ ಮುಖಾಮುಖಿ ಸೇರಿ ನಾಟಕವಾಡುವುದೆಂದು ತೀರ್ಮಾನವಾಯಿತು. ಹಿರಿಯರೆಲ್ಲ ಹಟ ಹಿಡಿದು ಮೇಷ್ಟ್ರಿಗೂ ಒಂದು ಅವಕಾಶ ಕೊಡಿಸಿದರು. ಮೇಷ್ಟ್ರು ಜರಿಯ ಪಂಚೆ ಉಟ್ಟು, ತಮ್ಮ ಎಷ್ಟೋ ವರ್ಷದ ಭೀಮನಾದ ಪೋತಪ್ಪನನ್ನು ಜೊತೆ ಮಾಡಿಕೊಂಡು, ಹಾರ್ಮೋನಿಯಂ ತೊಡೆಯ ಮೇಲಿಟ್ಟುಕೊಂಡು ಪೆನುಕೊಂಡದ ಮೇಲೆ ಹಾದು ಬರುವ ಬಸ್ಸಿನಲ್ಲಿ ಬಂದಿಳಿದರು.

ಕಲ್ಯಾಣಮಂಟಪದ ಬಾಗಿಲಲ್ಲೇ ಅಂಬರೀಶ್ ಸಿಕ್ಕಿದ. ಕಾಲಿಗೆ ನಮಸ್ಕಾರ ಮಾಡಿ, ತಲೆ ತುರಿಸಿಕೊಳ್ಳುತ್ತಾ ಹೇಳಿದ: "ತಾತ, ಬೇಜಾರ್ ಮಾಡ್ಕೋಬೇಡಿ. ಇವತ್ತೂ ಹಂಗೇನಾದ್ರೂ ಆದ್ರೆ ಬಳಗದಿಂದಾನೇ ತೆಗೀಬೇಕಾಯ್ತದೆ. ನಾನೊಬ್ನೇ ಏನೂ ಮಾಡಕ್ಕಾಗಲ್ಲ."

"ಆಯ್ತು ಕಣಪ್ಪ. ನನ್ ಸರದಿ ಬಂದಾಗ್ಲೇ ಬಾಯ್ ತೆಗೀತೀನಿ" ಅಂದರು ಮೇಷ್ಟ್ರು.

ಆಗಿನ್ನೂ ಬೆಳಿಗ್ಗೆ; ಒಳಗೆ ಶಿರೀಷಾ ರಂಗದ ಮೇಲೆ ಅಭ್ಯಾಸ ಮಾಡುತ್ತಿದ್ದಳು. ಇಷ್ಟು ದಿನ ಬರೀ ದನಿಯಾಗಿದ್ದವಳು ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡ, ಹಿಡಿಯಷ್ಟು ಇರುವ ಹುಡುಗಿ. ಲೈಟು ಹಾಕುವವನಿಗೆ ಅವಳು ಹೇಳುತ್ತಿದ್ದಳು: "ಅಮ್ಮಾ ಅಂತ ಕೇಳಿದ್ಮೇಲೆ ನಾನು ಮಾತಾಡಲ್ಲ. ಸೀರೆ ಮಡಚಿ ಪೆಟ್ಟಿಗೇಲಿ ಇಡೋವರ್ಗೂ ಮಾತಿಲ್ಲ. ಆಮೇಲೆ, ಸರಿ ಬಿಡು, ನೀನು ಯಾವತ್ತು ಹೇಳಿದ್ದೆ, ಅಂತೀನಿ. ಅಲ್ಲೀತಂಕ ಲೈಟು ಮುಟ್ಟಬೇಡ."

ಮೇಷ್ಟ್ರು ಕೂತಲ್ಲೇ ಬೆವತುಹೋದರು. ಹಾಗಾದರೆ ಅದು ನಿಜ. ಬೇಕೆಂದೇ ಇಟ್ಟ ಮೌನ. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಮಗಳು ಕಾಯುವುದು. ಅದರೊಳಕ್ಕೆ ತಾವು ಗದೆ ತಿರುಗಿಸಿಕೊಂಡು ಹೋಗಿದ್ದರು! ನಾಚಿಕೆಯಿಂದ ಕಿವಿ ಬಿಸಿಯಾಯಿತು. ತಿಂಗಳುಗಟ್ಟಲೆ ನಾನೇ ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದೇನೆ ಎಂದು ಮೆರೆದದ್ದು ನೆನಪಾಗಿ ಇನ್ನೂ ನಾಚಿಕೆಯಾಯಿತು. ಹೋಗಿ ಕ್ಷಮೆ ಕೇಳೋಣವೆಂದು ಎದ್ದರೆ, ಶಿರೀಷಾ ದೂರದಿಂದಲೇ ಕೈಮುಗಿದು ಬೇರೆ ಬಾಗಿಲಿನಿಂದ ಹೊರಗೆ ಹೋದಳು.

ಸಂಜೆಗೆ ಮುಂಚೆಯೇ ಮಂಟಪ ತುಂಬಿತು. ಶಿರೀಷಾಳ ನಾಟಕದ ಹಿಂದೆಯೇ ಮೇಷ್ಟ್ರ ಪದ್ಯ. ಹಾಗಾಗಿ ರಂಗದ ಪಕ್ಕದ ಪರದೆಯ ಮರೆಯಲ್ಲಿ ಹಾರ್ಮೋನಿಯಂ ಸಮೇತ ಅವರನ್ನು ಮೊದಲೇ ಕೂರಿಸಿದ್ದರು. ಎದುರಿನ ಮರೆಯಲ್ಲಿ ಅಂಬರೀಶ್ ನಿಂತಿದ್ದ.

"ಅಮ್ಮಾ, ನಾನು ಬಂದಿದ್ದು ನಿನಗೆ ಗೊತ್ತಾಯ್ತಾ?"

ಶಿರೀಷಾ ಸುಮ್ಮನಾದಳು. ಸೀರೆಯ ಅಂಚಿಗೆ ಅಂಚು ಸೇರಿಸಿ ಮಡಚಿದಳು. ಮಂಟಪದಲ್ಲಿ ಕೆಮ್ಮಿಲ್ಲ, ಪಿಸುಮಾತಿಲ್ಲ. ಈಗ ಕಣ್ಣಾರೆ ನೋಡುತ್ತಿದ್ದ ಮೇಷ್ಟ್ರಿಗೆ ತಮ್ಮ ತಾಯಿಯ ನೆನಪಾಯಿತು. ಆಕೆ ಹೋಗಿ ಎಷ್ಟು ಕಾಲವಾಗಿತ್ತೋ. ಸೀರೆ ಪೆಟ್ಟಿಗೆಗೆ ಹೋಯಿತು.

ಮಾತು ಬರಲಿಲ್ಲ. ಶಿರೀಷಾ ಪೆಟ್ಟಿಗೆಯಿಂದ ಅದೇ ಸೀರೆಯನ್ನು ಮತ್ತೆ ತೆಗೆದು, ಬಿಚ್ಚಿ, ಮತ್ತೆ ಮಡಚತೊಡಗಿದಳು.

ಜನಕ್ಕೆ ಅದೂ ನಾಟಕವೇ. ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ಮೇಷ್ಟ್ರ ಕಣ್ಣು ಹೋದದ್ದು ಹುಡುಗಿಯ ಪಾದಕ್ಕೆ. ಹೆಬ್ಬೆರಳು ಜಮಖಾನೆಯನ್ನು ಗಟ್ಟಿಯಾಗಿ ಕಚ್ಚಿ ಹಿಡಿದಿತ್ತು. ಗಂಟಲು ಮೇಲೆ ಕೆಳಗೆ ಆಡುತ್ತಿತ್ತು. ಇಷ್ಟು ದಿನ ಹಾಳೆ ನೋಡಿಕೊಂಡು ಓದಿದವಳು, ಇಷ್ಟೊಂದು ಕಣ್ಣುಗಳ ಮುಂದೆ ಇದೇ ಮೊದಲ ಸಲ ನಿಂತವಳು. ಈಗ ನಿಜವಾಗಿಯೂ ಮರೆತಿದ್ದಾಳೆ.

ಮರೆತಿದ್ದಾಳೋ? ಇಲ್ಲ, ಇದೂ ಬೇಕೆಂದೇ ಇಟ್ಟದ್ದೋ? ಒಂದು ಸಲ ಹೀಗೆ ನಂಬಿಯೇ ಕೆಟ್ಟಿದ್ದರು. ಎದುರಿನ ಮರೆಯಿಂದ ಅಂಬರೀಶ್ ಅವರನ್ನೇ ನೋಡುತ್ತಾ ತುಟಿಯ ಮೇಲೆ ಬೆರಳಿಟ್ಟಿದ್ದ. ತಪ್ಪಿದರೆ ಭಾನುವಾರಗಳೂ ಹೋದವು, ಆ ದನಿಗಳೂ ಹೋದವು, ಹಾರ್ಮೋನಿಯಂ ಮೇಲೆ ಮತ್ತೆ ಇಸ್ತ್ರಿ ಬಟ್ಟೆ. ಸುಮ್ಮನಿದ್ದರೆ ಹುಡುಗಿ ಮುಳುಗುತ್ತಾಳೆ.

ಮೇಷ್ಟ್ರು ಪದ್ಯ ಎತ್ತಲಿಲ್ಲ. ಹಾರ್ಮೋನಿಯಮ್ಮಿನ ತಿದಿಯನ್ನು ಸ್ವಲ್ಪವೇ ತೆರೆದು, ಒಂದೇ ಒಂದು ಸ್ವರದ ಮನೆಯನ್ನು ಒತ್ತಿ ಹಿಡಿದರು. ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣ ಶ್ರುತಿ. ಶಿರೀಷಾ ಆ ಕಡೆಗೆ ತಲೆ ತಿರುಗಿಸಿದಳು. ಅವಳ ಕಣ್ಣಿನಲ್ಲಿದ್ದ ಗಾಬರಿ ನೋಡಿದ ಮೇಲೆ ಮೇಷ್ಟ್ರಿಗೆ ಸಂಶಯ ಉಳಿಯಲಿಲ್ಲ. ದನಿಯಿಲ್ಲದೆ ತುಟಿ ಮಾತ್ರ ಆಡಿಸಿದರು: ಸರಿ ಬಿಡು.

"ಸರಿ ಬಿಡು" ಎಂದಳು ಶಿರೀಷಾ. ದನಿ ಒಡೆಯಿತು. "ನೀನು ಯಾವತ್ತು ಹೇಳಿದ್ದೆ."

ನಾಟಕ ಮುಗಿದಾಗ ಚಪ್ಪಾಳೆ ನಿಲ್ಲಲೊಲ್ಲದು. ಪರದೆ ಬಿದ್ದದ್ದೇ ಅಂಬರೀಶ್ ಓಡಿಬಂದ. "ಶಿರೀಷಾ, ಆ ಹಾರ್ಮೋನಿಯಂ ಐಡಿಯಾ ಸೂಪರ್! ನನಗೆ ಒಂದ್ ಮಾತೂ ಹೇಳ್ಲಿಲ್ವಲ್ಲ!"

ಶಿರೀಷಾ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಹೇಳಿದರು: "ಅವ್ಳೇ ಕಣಪ್ಪ, ಬೆಳಿಗ್ಗೆ ಬಂದು, ಅಲ್ಲೊಂಚೂರು ಶ್ರುತಿ ಹಿಡಿ ತಾತ ಅಂದಿದ್ಲು."

"ಸುಳ್ಳು ಹೇಳ್ತಾವ್ರೆ" ಎಂದಳು ಶಿರೀಷಾ. "ನಾನು ಮರ್ತೋಗ್ಬುಟ್ಟಿದ್ದೆ ಅಂಬರೀಶ್. ಒಂದಕ್ಷರ ತಲೇಲಿ ಇರ್ಲಿಲ್ಲ." ಹೇಳಿದವಳೇ ಪೆಟ್ಟಿಗೆಯ ಮೇಲೆ ಕೂತು ಅತ್ತುಬಿಟ್ಟಳು. ಅಂಬರೀಶ್ ಏನು ಮಾಡಬೇಕೋ ತಿಳಿಯದೆ, ಮುಂದಿನ ಕಾರ್ಯಕ್ರಮ ಹೇಳಿ ಬರುತ್ತೇನೆಂದು ಜಾರಿಕೊಂಡ.

ಅಳು ಸ್ವಲ್ಪ ಇಳಿದ ಮೇಲೆ ಶಿರೀಷಾ ತಲೆ ಎತ್ತಿದಳು. "ತಾತ, ಆವತ್ತು ನೆಟ್ಟಲ್ಲಿ... ಆವತ್ತೂ ನಾನು ಮರ್ತೋಗಿದೀನಿ ಅಂದ್ಕೊಂಡೇ ಹಾಡಿದ್ರಾ?"

"ಇನ್ನೇನ್ ಮತ್ತೆ? ನಮ್ಮಲ್ಲಿ ಸುಮ್ನಾದ ಅಂದ್ರೆ ಮರ್ತ ಅಂತಾನೇ ಲೆಕ್ಕ. ತಪ್ಪು ನಂದೇ ಕಣಮ್ಮ. ಅದು ನಿನ್ ನಾಟ್ಕದ್ದೇ ಅಂತ ಇವತ್ ಬೆಳಿಗ್ಗೆ ಗೊತ್ತಾಯ್ತು ನಂಗೆ."

"ಮೈಕು ಕಿತ್ಕೊಂಡ್ರಲ್ಲ, ಆವಾಗಾದ್ರೂ ಹೇಳ್ಬಾರ್ದಾ?"

"ಅಷ್ಟು ಜನದ ಮುಂದೆ ಹುಡುಗಿ ಮರ್ತೋದ್ಲು ಅಂತ ಹೆಂಗ್ ಹೇಳ್ಲಿ? ನಿನ್ ಮರ್ಯಾದೆ ಏನಾಗ್ಬೇಕು?"

"ಮೈಕು ತೆಗೀರಿ ಅಂತ ಹಟ ಮಾಡ್ದೋಳು ನಾನೇ ತಾತ."

"ಗೊತ್ತು ಬಿಡು. ನಿನ್ ಜಾಗದಾಗೆ ನಾನಿದ್ದಿದ್ರೆ ಕರೆಂಟೇ ಕೀಳ್ತಿದ್ದೆ."

ಶಿರೀಷಾಳಿಗೆ ಅಳುವಿನ ಮಧ್ಯೆಯೇ ನಗು ಬಂತು. "ನಾಟ್ಕ ಹೆಂಗಿತ್ತು? ನಿಜ ಹೇಳ್ಬೇಕು."

ಮೇಷ್ಟ್ರು ಯೋಚಿಸಿದರು. "ಚೆನ್ನಾಗೈತೆ. ಒಂದೇ ಒಂದ್ ಪದ್ಯ ಇದ್ದಿದ್ರೆ ಇನ್ನಾ ಚೆನ್ನಾಗಿರ್ತಿತ್ತು."

"ಪದ್ಯ ಹಾಕಲ್ಲ ತಾತ."

"ಹಾಕ್ಬೇಡ. ನೀನ್ ಕೇಳ್ದೆ ಅಂತ ಹೇಳ್ದೆ."

ಹೊರಗೆ ಮೇಷ್ಟ್ರ ಹೆಸರು ಕೂಗಿದರು. ಶಿರೀಷಾ ಮೂಗೊರೆಸಿಕೊಂಡು ಎದ್ದಳು. "ಇವತ್ತು ನಾನು ಟೀಗೆ ಎದ್ದೋಗಲ್ಲ. ಮುಂದ್ಗಡೇನೇ ಕೂತ್ಕಂಡು ಪೂರ್ತಿ ಕೇಳ್ತೀನಿ" ಎಂದು ಮಾತು ಕೊಟ್ಟು, ಹೇಳಿದಂತೆಯೇ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಹೋಗಿ ಕೂತಳು.

ಮೇಷ್ಟ್ರು ಶುರುಮಾಡಿದರು. ಮೊದಲನೇ ಪದ್ಯಕ್ಕೆ ಶಿರೀಷಾ ತಲೆದೂಗಿದಳು. ಎರಡನೇ ಪದ್ಯದ ನಡುವೆ ಆಲಾಪ ಎಳೆಯುತ್ತಿದ್ದಾಗ ಮೇಷ್ಟ್ರು ನೋಡುತ್ತಾರೆ, ಹುಡುಗಿಯ ತಲೆ ತೂಗುತ್ತಿಲ್ಲ, ಒಂದು ಕಡೆ ವಾಲಿದೆ. ಭಯದಲ್ಲಿ ಎಷ್ಟು ದಿನದಿಂದ ನಿದ್ದೆ ಬಿಟ್ಟಿದ್ದಳೋ ಏನೋ, ಬಾಯಿ ಸ್ವಲ್ಪ ತೆರೆದುಕೊಂಡು, ಜಡೆ ಕುರ್ಚಿಯಿಂದ ಜೋತಾಡುತ್ತಾ, ಎದುರಿಗೇ ನಿದ್ದೆ ಹೋಗಿದ್ದಾಳೆ. ಹಿಂದೆ ಸೆಟ್ಟೂರಿನಲ್ಲಿ ಒಬ್ಬ ಆಕಳಿಸಿದ್ದಕ್ಕೆ ಹಾಡು ನಿಲ್ಲಿಸಿ, ಅವನನ್ನು ಮನೆಗೆ ಕಳಿಸಿದ ಮೇಲೆಯೇ ಮುಂದುವರಿದಿದ್ದ ದುರ್ಯೋಧನ ಇವರು.

ಇನ್ನು ಮುಂದಿನದು ಯುದ್ಧಕ್ಕೆ ಕರೆಯುವ ಪದ್ಯ. ಮೇಷ್ಟ್ರು ತಿದಿಯನ್ನು ಅರ್ಧಕ್ಕೆ ಇಳಿಸಿದರು.

"ಕೇಳಿಸ್ತಿಲ್ಲ ಕಣ್ಲಾ, ದನಿ ಎತ್ತು!" ಎಂದು ಹಿಂದಿನ ಸಾಲಿನಿಂದ ಪೋತಪ್ಪ ಕೂಗಿದ.

ಮೇಷ್ಟ್ರು ಕಣ್ಣಲ್ಲೇ ಅವನನ್ನು ಗದರಿಸಿ, ಮುಂದಿನ ಕುರ್ಚಿಯ ಕಡೆ ಗದ್ದ ತೋರಿಸಿದರು. ಬ್ರಹ್ಮಸಮುದ್ರದಲ್ಲಿ ಹಾಡಿದರೆ ಪಕ್ಕದ ಹಳ್ಳಿಗೆ ಕೇಳಿಸುತ್ತಿದ್ದ ದನಿಯನ್ನು ಪಿಸುಮಾತಿಗೆ ಇಳಿಸಿ, ಎಲೆಲೆ ಭೀಮಾ ಬಾರೋ ಯುದ್ಧಕ್ಕೆ ಎಂದು, ಆ ಹುಡುಗಿಗೆ ಎಚ್ಚರವಾಗದ ಹಾಗೆ ಕರೆದರು.