ಬೇಲಿಯಲ್ಲಿ ಬೆಳೆದ ಚಕ್ರ

ನಮ್ಮೂರಿನ ಪುಸ್ತಕಕ್ಕೆ ಒಂದೇ ನಿಯಮ: ಅದರೊಳಗೆ ಸೇರಬೇಕಾದರೆ ಸತ್ತಿರಬೇಕು.

ನಿಯಮ ಮಾಡಿದವಳು ನಾನೇ. ಕಿಲ್‌ವಾರ್ನದಲ್ಲಿ ಹುಟ್ಟಿ ಹೆಸರು ಮಾಡಿದವರ ಬದುಕನ್ನೆಲ್ಲ ಒಂದು ಕಡೆ ಬರೆದಿಡಬೇಕೆಂದು ಪಾದ್ರಿಗಳು ಹೇಳಿದಾಗ, ಮೊದಮೊದಲು ಬದುಕಿರುವವರನ್ನೂ ಸೇರಿಸಿಕೊಂಡಿದ್ದೆವು. ಅದರ ಫಲವಾಗಿ ಎರಡು ಮನೆಗಳ ನಡುವೆ ಮಾತುಕತೆ ನಿಂತಿತು, ಒಬ್ಬಳು ವಕೀಲರ ಮೆಟ್ಟಿಲು ಹತ್ತಿದಳು. ಸತ್ತವರಿಂದ ಈ ಕಾಟವಿಲ್ಲ. ಚಿಲಿ ದೇಶದಲ್ಲಿ ರೈಲು ಸೇತುವೆ ಕಟ್ಟಿದವನು, ಕೊಲ್ಲಿಯನ್ನು ಈಜಿ ದಾಟಿದ ಶಾಲೆಯ ಟೀಚರು, ಬಿಷಪ್ಪರ ಮುಖಕ್ಕೇ ಎದುರು ಮಾತಾಡಿದ ಸಿಸ್ಟರು, ಎಲ್ಲರೂ ನಾನು ಬರೆದಂತೆ ತೆಪ್ಪಗಿದ್ದಾರೆ. ನಾನು ಐಟಾ. ಸಂಚಾರಿ ಗ್ರಂಥಾಲಯದ ವ್ಯಾನಿನಲ್ಲಿ ಆಯಸ್ಸು ಸವೆಸಿದವಳು. ತೆಪ್ಪಗಿರುವವರೆಂದರೆ ನನಗೆ ಮೊದಲಿನಿಂದಲೂ ಇಷ್ಟ.

ಈ ನಿಯಮದಿಂದ ಅತಿ ಹೆಚ್ಚು ಸಂಕಟಪಟ್ಟವನು ಜೆರ್ ಕಿಸ್ಸೇನ್. ನಮ್ಮಲ್ಲಿ ಅರ್ಧ ಊರು ಕಿಸ್ಸೇನ್‌ಗಳೇ ಆದ್ದರಿಂದ ಅವನನ್ನು ಸೈಕಲ್ ಜೆರ್ ಎನ್ನುತ್ತೇವೆ. ಪ್ರಾಯದಲ್ಲಿ ದೇಶ ಸುತ್ತುವ ಸೈಕಲ್ ಪಂದ್ಯವನ್ನು ಗೆದ್ದುಬಂದವನು. ವಾರಕ್ಕೊಮ್ಮೆ ನನ್ನ ಅಡುಗೆಮನೆಗೆ ಬಂದು ಕೂರುತ್ತಿದ್ದ.

"ನಂದು ಬರೆದಾಯ್ತೇನೆ?"

"ಬರೆದಾಗಿದೆ. ನನ್ನ ಕೆಲಸ ನಾನು ಮುಗಿಸಿದೀನಿ, ನಿನ್ನ ಕೆಲಸ ನೀನು ಮುಗಿಸು, ಅಚ್ಚಿಗೆ ಕಳಿಸ್ತೀನಿ."

ಅವನು ಹೇಳಿ ಬರೆಸಿದ್ದು ಚೆನ್ನಾಗಿಯೇ ಇತ್ತು. ಒಂದು ವಾಕ್ಯ ಮಾತ್ರ ನನ್ನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಪಂದ್ಯದ ಕೊನೆಯ ದಿನಕ್ಕೆ ಒಂದು ದಿನ ಮುಂಚೆ, ಎಲ್ಲರಿಗಿಂತ ಮುಂದಿದ್ದ ಅವನು ಕಣಿವೆಯ ಇಳಿಜಾರಿನಲ್ಲಿ ಬಿದ್ದು ಮುಂದಿನ ಚಕ್ರ ಸೊಟ್ಟಗಾಯಿತು. ಆಮೇಲೆ, ಅವನ ಮಾತಿನಲ್ಲೇ, "ಒಂದು ಚಕ್ರ ಸಿಕ್ಕಿತು."

"ಎಲ್ಲಿ ಸಿಕ್ತು? ಬೇಲೀಲಿ ಬೆಳೆದಿತ್ತಾ?" ಎಂದು ಕೇಳಿದ್ದೆ.

"ಹೇಳಿದಷ್ಟು ಬರಿ," ಎಂದು ಕಿಟಕಿಯಾಚೆ ನೋಡಿದ್ದ.

ಬೇಲಿಯಲ್ಲಿ ಬೆಳೆಯಲಿಲ್ಲವೆಂದು ಇಡೀ ಜಿಲ್ಲೆಗೆ ಗೊತ್ತು. ಆ ಚಕ್ರ ಥೇಡ್ ಗಾಲ್ವಿನ್‌ನದು. ಅದೇ ತಂಡದವನು, ಇದೇ ಊರಿನವನು, ಅಂದು ಮೂರನೆಯ ಸ್ಥಾನದಲ್ಲಿದ್ದವನು. ತನ್ನ ಸೈಕಲ್ಲಿನಿಂದ ಬಿಚ್ಚಿ ಕೊಟ್ಟು ಮಳೆಯಲ್ಲಿ ರಸ್ತೆ ಬದಿ ನಿಂತ. ಗೆದ್ದ ಜೆರ್‌ನನ್ನು ಊರಿನವರು ಲಾರಿಯ ಮೇಲೆ ಮೆರೆಸಿದರು, ದಾರಿಯುದ್ದಕ್ಕೂ ಹಬ್ಬದ ಬೆಂಕಿಯಾಗಿ ಡಾಂಬರಿನ ಪೀಪಾಯಿ ಉರಿಸಿದರು. ನಾನು ಕೆಳಗೆ ನಿಂತು ಕೇಳಿಸಿಕೊಂಡಿದ್ದೇನೆ: ತಾಯಿಗೆ, ಪಾದ್ರಿಗಳಿಗೆ, ತಂಡದ ಮ್ಯಾನೇಜರಿಗೆ, ಕೊನೆಗೆ ಬೆಳಗಿನ ಓಟ್ಸ್ ಗಂಜಿಗೂ ಅವನು ವಂದನೆ ಹೇಳಿದ. ಪಕ್ಕದಲ್ಲೇ ನಿಂತಿದ್ದ ಥೇಡ್‌ನ ಹೆಸರು ಬರಲಿಲ್ಲ.

ಅಂದು ಲಾರಿಯಿಂದ ಇಳಿದ ಥೇಡ್ ಮತ್ತೆ ಅವನೊಡನೆ ಮಾತಾಡಲಿಲ್ಲ. ನಲವತ್ತು ವರ್ಷ. ಒಂದೇ ಚರ್ಚು, ಒಂದೇ ಅಂಗಡಿ, ಒಂದೇ ರಸ್ತೆ. ಸಾವಿನ ಮನೆ ಮಾತ್ರ ಲೆಕ್ಕಕ್ಕಿಲ್ಲ. ಹಗೆಯವನ ಮನೆಯಲ್ಲಿ ಸಾವಾದರೂ ಹೋಗಿ, ಸಾಲಾಗಿ ಕೂತ ಮನೆಯವರ ಕೈಹಿಡಿದು, "ಹೀಗಾಗಬಾರದಿತ್ತು" ಎಂದು ಹೇಳಿ ಬರಲೇಬೇಕು. ಹೋಗದಿದ್ದವನನ್ನು ಊರು ಮನುಷ್ಯನೆಂದು ಎಣಿಸುವುದಿಲ್ಲ. ಥೇಡ್‌ನ ತಾಯಿ ತೀರಿಕೊಂಡಾಗ ಜೆರ್ ಹೋಗಿ ಹೇಳಿದ್ದ. "ಬಂದಿದ್ದು ಒಳ್ಳೇದಾಯ್ತು" ಎಂದು ಥೇಡ್ ಉತ್ತರಿಸಿದ್ದ. ಮಾರನೆಯ ದಿನ ಅಂಗಡಿಯಲ್ಲಿ ಮತ್ತೆ ಗೋಡೆ ನೋಡಿಕೊಂಡು ನಿಂತಿದ್ದ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ವಾರ್ತೆ ಮುಗಿದ ಮೇಲೆ, ರೇಡಿಯೋದಲ್ಲಿ ಎಂದಿನಂತೆ ಜಿಲ್ಲೆಯ ಸಾವಿನ ಸುದ್ದಿ ಓದಿದರು. "ಜೆರೆಮಾಯ ಕಿಸ್ಸೇನ್, ಕಿಲ್‌ವಾರ್ನ. ಇಂದು ನಾಲ್ಕರಿಂದ ಎಂಟರವರೆಗೆ ಮನೆಯಲ್ಲಿ ಅಂತಿಮ ದರ್ಶನ." ಇನ್ನೂ ಏನೋ ಓದುತ್ತಿದ್ದರು. ಅಷ್ಟರಲ್ಲಿ ನಾನು ಎದ್ದು ಬೆಣ್ಣೆ ಹುಡುಕುತ್ತಿದ್ದೆ. ಹೆಸರು ಕಿವಿಗೆ ಬಿದ್ದ ಕೂಡಲೇ ಎದ್ದು, ಸಾವಿನ ಮನೆಗೆ ಒಯ್ಯಲು ಬ್ರೆಡ್ಡಿಗೆ ಬೆಣ್ಣೆ ಸವರುವುದು ನಮ್ಮವರ ಹುಟ್ಟುಗುಣ. ಪೂರ್ತಿ ಕೇಳಿಸಿಕೊಂಡು ಕೂತರೆ ಪಕ್ಕದ ಮನೆಯವಳು ನಮಗಿಂತ ಮೊದಲು ಹೋಗಿಬಿಟ್ಟಿರುತ್ತಾಳೆ. ಚಳಿಗಾಲದಲ್ಲಿ ಡಾಕ್ಟರು ಜೆರ್‌ನ ಎದೆಗೆ ಕೊಳವೆ ಇಟ್ಟು ಕೇಳಿ ತಲೆಯಾಡಿಸಿದ್ದು ಎಲ್ಲರಿಗೂ ಗೊತ್ತಿತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಹ್ಯಾಮ್ ಸ್ಯಾಂಡ್‌ವಿಚ್ ಕತ್ತರಿಸುವಾಗ ನನಗೆ ಬೇಸರವಾಯಿತು, ಅದು ನಿಜ. ಅಚ್ಚಿಗೆ ಕಳಿಸಬಹುದಲ್ಲ ಎಂದೂ ಒಮ್ಮೆ ಅನ್ನಿಸಿತು, ಅದೂ ನಿಜ.

ಬಾಗಿಲು ತೆರೆದವನು ಜೆರ್. ಮೈಮೇಲೆ ಬನಿಯನ್ನು, ಗದ್ದದಲ್ಲಿ ಮೊಟ್ಟೆಯ ಹಳದಿ. ಬಟ್ಟೆ ಮುಚ್ಚಿದ ತಟ್ಟೆಯನ್ನು ನೋಡಿದ.

"ಅಯ್ಯೋ, ಯಾರೇ ಹೋದ್ರು?"

"ನೀನು," ಎಂದೆ.

"ಯಾವಾಗ?"

"ಈಗ ತಾನೇ. ವಾರ್ತೆ ಆದ್ಮೇಲೆ."

ಒಳಗಿನಿಂದ ಅವನ ಹೆಂಡತಿ ಹಾನಾ ಕೂಗಿದಳು: "ಸಾಯೋನು ಕಸದ ಡಬ್ಬ ಹೊರಗಿಟ್ಟು ಸಾಯಬಾರದಿತ್ತಾ!"

ಆಮೇಲೆ ನಾವು ಮೂವರೂ ಕೂತು ಯೋಚಿಸಿ ಕಂಡುಹಿಡಿದೆವು. ಸತ್ತವನು ದಿಬ್ಬದ ಜೆರ್. ಇಂಗ್ಲೆಂಡಿನಲ್ಲಿ ಕಟ್ಟಡ ಕೆಲಸ ಮಾಡಿ, ಬೆನ್ನು ಮುರಿದುಕೊಂಡು, ಮೂರು ವರ್ಷದ ಹಿಂದೆ ಸೋದರತ್ತೆಯ ಮಗಳ ಮನೆಗೆ ಬಂದು ಸೇರಿದ್ದವನು. ಅವನಿಗೂ ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಜೆರೆಮಾಯ. ರೇಡಿಯೋದವರು ದಿಬ್ಬ, ಸೈಕಲ್ಲು ಅಂತೆಲ್ಲ ಹೇಳುವುದಿಲ್ಲ. ಸೋದರತ್ತೆಯ ಮಗಳ ಹೆಸರು ಹೇಳಿಯೇ ಇರುತ್ತಾರೆ, ಆದರೆ ಆ ಹೊತ್ತಿಗೆ ಊರಿಗೆ ಊರೇ ಬೆಣ್ಣೆ ಸವರುತ್ತಿತ್ತು.

ನಾವು ಇದನ್ನು ಬಿಡಿಸುವಷ್ಟರಲ್ಲಿ ಪಕ್ಕದ ತೋಟದವನು ಟ್ರಾಕ್ಟರಿನಲ್ಲಿ ಕುರ್ಚಿ ತಂದಿದ್ದ. ಜೆರ್‌ನನ್ನು ಮೇಲಿಂದ ಕೆಳಗೆ ನೋಡಿ, "ವಾಪಸ್ ತಗೊಂಡ್ ಹೋಗ್ಲಾ?" ಎಂದು ಕೇಳಿದ.

"ಹೇಗೂ ತಂದಿದೀಯ, ಇಳಿಸು ಮಾರಾಯ," ಎಂದಳು ಹಾನಾ. ಅವಳು ರೇಡಿಯೋದವರಿಗೆ ಹೇಳಲು ಫೋನು ಎತ್ತಿದ್ದಳು. ಜೆರ್ ಅವಳ ಕೈಯಿಂದ ತೆಗೆದು ಕೆಳಗಿಟ್ಟ.

"ಬೇಡ. ಥೇಡ್ ಬರ್ತಾನೆ."

ಹಾನಾ ಮತ್ತೆ ಫೋನಿಗೆ ಕೈ ಚಾಚಿದಳು.

"ಬರದೇ ಇರಕ್ಕೆ ಆಗಲ್ಲ ಅವನಿಗೆ," ಎಂದ ಜೆರ್. "ಅವನ ಬಾಯಿಂದ ಒಂದ್ ಮಾತು ಕೇಳದೇ ನಾನು ಸಾಯಲ್ಲ ಕಣೇ ಐಟಾ. ಪುಸ್ತಕ ಗಿಸ್ತಕ ಆಮೇಲೆ."

"ಅದಕ್ಕೆ ಸಾವಿನ ಮನೇನೇ ಬೇಕಾ? ನಡ್ಕೊಂಡು ಅವನ ಮನೆಗೆ ಹೋಗು," ಎಂದೆ.

"ಹೋಗಿ ಏನ್ ಹೇಳ್ಲಿ? ಆ ವಾರದಲ್ಲೇ ಹೋಗಿದ್ರೆ ಮರ್ತೆ ಅನ್ನಬಹುದಿತ್ತು. ಈಗ ಏನನ್ನಲಿ?"

ಅಷ್ಟರಲ್ಲೇ ಅವನ ತಲೆಗೆ ಇನ್ನೊಂದು ಹೊಳೆಯಿತು: ಕೈಗೆ ಜಪಮಾಲೆ ಸುತ್ತಿಕೊಂಡು ಮಂಚದ ಮೇಲೆ ಮಲಗಿಬಿಟ್ಟರೆ ಥೇಡ್ ಏನನ್ನುತ್ತಾನೋ ಕೇಳಬಹುದು ಎಂದ.

"ಮಲಗು, ಮಲಗು," ಎಂದಳು ಹಾನಾ. "ಮೂಗಿನ ಮೇಲೆ ನೊಣ ಕೂತು ಹೆಣ ಸೀನ್ಲಿ, ಬಂದವರಲ್ಲಿ ಇಬ್ಬರು ನಿಜವಾಗ್ಲೂ ಸಾಯ್ತಾರೆ. ಗದ್ದ ಒರೆಸ್ಕೊಂಡು ಮನುಷ್ಯನ ಹಾಗೆ ಕುರ್ಚಿ ಮೇಲೆ ಕೂತ್ಕೋ."

ನಾಲ್ಕರ ಹೊತ್ತಿಗೆ ಮನೆ ತುಂಬಿತ್ತು. ಬಂದವರೆಲ್ಲ ಬಾಗಿಲಲ್ಲಿ ಬೆಚ್ಚಿಬಿದ್ದು, ಒಂದೆರಡು ಮಾತು ಬೈದು, ತಂದ ತಟ್ಟೆ ಇಳಿಸಿ ಟೀ ಕುಡಿಯಲು ಕೂತರು. ಮಾಂಸದಂಗಡಿಯವನಂತೂ, "ಅತ್ತಿದ್ದು ವೇಸ್ಟ್ ಆಯ್ತಲ್ಲೋ," ಎಂದು ಜೆರ್‌ನ ಬೆನ್ನಿಗೆ ಗುದ್ದಿದ. ಸಾಲು ಕುರ್ಚಿಗಳಲ್ಲಿ ಮೊದಲು ಹಾನಾ, ಆಮೇಲೆ ಕಪ್ಪು ಸೂಟಿನ ಜೆರ್, ಆಮೇಲೆ ನಾನು.

ಥೇಡ್ ಬಂದ. ಒಣಕಲು ಮೈ, ಕೈಯಲ್ಲಿ ಟೋಪಿ, ಜೇಬಿನಿಂದ ಇಣುಕುವ ಲಕೋಟೆ. ಸಾವಿನ ಮನೆಗೆ ಹೊಕ್ಕವರು ಹೇಗಿರಬೇಕೋ ಹಾಗೆ, ಕಣ್ಣು ನೆಲದ ಮೇಲಿಟ್ಟುಕೊಂಡು ನೇರ ಸಾಲಿನ ಹತ್ತಿರ ನಡೆದ. ಮನೆಯಲ್ಲಿದ್ದವರೆಲ್ಲ ಒಮ್ಮೆಲೇ ಮೌನವಾದರು. ಅದನ್ನೂ ಅವನು ದುಃಖವೆಂದೇ ತಿಳಿದಿರಬೇಕು.

"ಹೀಗಾಗಬಾರದಿತ್ತು, ಹಾನಾ," ಎಂದು ಅವಳ ಕೈ ಹಿಡಿದ. ಮುಂದಿನ ಕೈ ಹಿಡಿದ. "ಹೀಗಾಗಬಾರದಿತ್ತು."

ಆ ಕೈ ಅವನ ಕೈಯನ್ನು ಬಿಡಲಿಲ್ಲ. ಥೇಡ್ ತಲೆಯೆತ್ತಿದ.

"ಸತ್ತಿಲ್ವಾ ನೀನು?"

"ಇಲ್ಲ."

"ರೇಡಿಯೋದಲ್ಲಿ ಹೇಳಿದ್ರು."

"ಅದು ದಿಬ್ಬದ ಜೆರ್."

ಥೇಡ್ ಜೇಬಿನ ಲಕೋಟೆ ತೆಗೆದು ನೋಡಿದ. "ನಿನ್ನ ಆತ್ಮಕ್ಕೆ ಅಂತ ಪಾದ್ರಿಗಳ ಹತ್ರ ಪೂಜೆ ಹೇಳಿಸಿ ಚೀಟಿ ಬರೆಸ್ಕೊಂಡ್ ಬಂದಿದೀನಲ್ಲೋ."

"ಕೊಡು ಇಲ್ಲಿ. ಬೇಕಾಗುತ್ತೆ."

ಯಾರೋ ನಗಲು ಹೋಗಿ ಕೆಮ್ಮಿದರು. ಜೆರ್ ಎದ್ದು ನಿಂತ. ಇನ್ನೂ ಕೈ ಬಿಟ್ಟಿರಲಿಲ್ಲ.

"ಆ ಚಕ್ರ ನಿಂದು, ಥೇಡ್. ಲಾರಿ ಮೇಲೆ ಹೇಳ್ಬೇಕಿತ್ತು. ಮರ್ತಿರ್ಲಿಲ್ಲ ನಾನು. ಹೇಳಿದ್ರೆ ನನ್ನ ಗೆಲುವು ಅರ್ಧ ಆಗುತ್ತೆ ಅನ್ನಿಸ್ತು. ಅದಕ್ಕೇ ಹೇಳ್ಲಿಲ್ಲ."

ಇಷ್ಟು ಜನರ ಎದುರು ಇಷ್ಟನ್ನು ಹೇಳುತ್ತಾನೆಂದು ನಾನು ಎಣಿಸಿರಲಿಲ್ಲ.

"ಗೊತ್ತು," ಎಂದ ಥೇಡ್. "ಪಕ್ಕದಲ್ಲೇ ನಿಂತಿದ್ನಲ್ಲ. ನನ್ನ ಹೆಸರು ನಿನ್ನ ಬಾಯಿ ತನಕ ಬಂತು, ವಾಪಸ್ ಹೋಯ್ತು. ನೋಡ್ದೆ ನಾನು." ಟೋಪಿಯನ್ನು ಕುರ್ಚಿಯ ಬೆನ್ನಿಗೆ ಸಿಕ್ಕಿಸಿದ. "ಟೀ ಇದೆಯಾ, ಹಾನಾ? ಅಥವಾ ಅದೂ ಸುಳ್ಳಾ?"

ಆಗ ಎಲ್ಲರೂ ನಕ್ಕರು. ಜೆರ್ ಮಾತ್ರ ನಗಲಿಲ್ಲ. ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. ಥೇಡ್ ಅವನ ಪಕ್ಕದ ಕುರ್ಚಿಯಲ್ಲಿ ಕೂತ. ನನ್ನದೇ ಕುರ್ಚಿ, ನಾನು ಎದ್ದುಕೊಟ್ಟೆ. ಎರಡನೆಯ ಸ್ಯಾಂಡ್‌ವಿಚ್ ಕೈಗೆತ್ತಿಕೊಂಡವನು ಬಾಯಿಗಿಡದೆ ಕೇಳಿದ:

"ಅಲ್ಲ, ದಿಬ್ಬದ ಜೆರ್ ಹತ್ರ ಯಾರಿದ್ದಾರೆ?"

ಇಡೀ ಊರು ಇಲ್ಲೇ ಇತ್ತು.

"ಅವನ ಪಾಲಿನ ಊಟ ನಾವು ತಿಂತಿದೀವಿ," ಎಂದು ಥೇಡ್ ಸ್ಯಾಂಡ್‌ವಿಚ್ ಕೆಳಗಿಟ್ಟ.

ತಟ್ಟೆ, ಕುರ್ಚಿ, ಸೇಬಿನ ಕೇಕು ಸಮೇತ ಇಡೀ ಮನೆ ದಿಬ್ಬ ಹತ್ತಿತು. ಅಲ್ಲಿ ಸೋದರತ್ತೆಯ ಮಗಳು ಒಬ್ಬಳೇ ಹೆಣದ ಪಕ್ಕ ಕೂತಿದ್ದಳು, ಮೇಜಿನ ಮೇಲೆ ಇನ್ನೂ ಬಿಚ್ಚದ ಬಿಸ್ಕತ್ತಿನ ಪೊಟ್ಟಣ. ಮೊದಲು ಒಳಗೆ ಹೋದವರು ಜೆರ್ ಮತ್ತು ಥೇಡ್. ಹಿಂದೆ ನಿಂತ ಜನರ ಸಾಲು ಗೇಟಿನವರೆಗೂ ಇದ್ದದ್ದನ್ನು ನೋಡಿ ಅವಳು ಬಾಯಿಗೆ ಕೈಯಿಟ್ಟುಕೊಂಡಳು.

"ಇಷ್ಟು ಜನಕ್ಕೆ ಇವನು ಗೊತ್ತಿದ್ನಾ?"

"ನಮ್ಮ ಜೆರ್ ಅಲ್ವೇನಮ್ಮಾ," ಎಂದ ಥೇಡ್.

ವಾಪಸು ಇಳಿಯುವಾಗ ಅವರಿಬ್ಬರ ಹಿಂದೆಯೇ ನಾನಿದ್ದೆ. "ನೋಡು," ಎನ್ನುತ್ತಿದ್ದ ಥೇಡ್, "ನಿನ್ನದಕ್ಕೆ ಒಂದ್ಸಲ ಬಂದಾಯ್ತು. ಇನ್ನೊಂದ್ಸಲ ಸತ್ತರೆ ನಾನು ಬರಲ್ಲ, ಈಗ್ಲೇ ಹೇಳಿದೀನಿ."

ಥೇಡ್ ಮಾತಿನಂತೆ ನಡೆದ. ಅದೇ ವರ್ಷ ಹುಲ್ಲು ಕೊಯ್ಯುವ ಕಾಲದಲ್ಲಿ, ಮುಂಜಾನೆ, ತನ್ನ ಹೊಲದಲ್ಲೇ ಕುಸಿದುಬಿದ್ದು ತೀರಿಕೊಂಡ. ಅವನಿಗೆ ಎದೆಯ ಕಾಯಿಲೆ ಇದೆಯೆಂದು ಯಾವ ಡಾಕ್ಟರೂ ಹೇಳಿರಲಿಲ್ಲ. ಅದುವರೆಗಿನ ಅಷ್ಟೂ ತಿಂಗಳು ಇಬ್ಬರೂ ಭಾನುವಾರ ಚರ್ಚು ಮುಗಿಸಿ ಒಂದೇ ಬೆಂಚಿನ ಮೇಲೆ ಕೂತು ಜಗಳವಾಡುತ್ತಿದ್ದರು. ಥೇಡ್‌ನ ತಂಗಿ ನೆಲ್ ಒಬ್ಬಳೇ ಉಳಿದಳು. ಮನೆಯವರ ಸಾಲಿನಲ್ಲಿ ತನ್ನ ಪಕ್ಕ ಕೂರಲು ಅವಳು ಜೆರ್‌ನನ್ನು ಕರೆದಳು. ಬಂದ ಊರಿನವರೆಲ್ಲ ಅವನ ಕೈಹಿಡಿದು "ಹೀಗಾಗಬಾರದಿತ್ತು" ಎಂದರು. "ಬಂದಿದ್ದು ಒಳ್ಳೇದಾಯ್ತು" ಎಂದು ಅವನು ಎಲ್ಲರಿಗೂ ಹೇಳಿದ.

ಮಣ್ಣು ಮಾಡಿದ ಮಾರನೆಯ ದಿನ ನನ್ನ ಅಡುಗೆಮನೆಗೆ ಬಂದು ಕೂತ.

"ಬರಿ."

"ನಿಂದು ಬರೆದಾಗಿದೆಯಲ್ಲ."

"ನಂದಲ್ಲ, ಥೇಡ್‌ದು. ಅವನಿಗೀಗ ನಿನ್ನ ನಿಯಮ ಅಡ್ಡ ಬರಲ್ಲವಲ್ಲ."

"ಪುಸ್ತಕದ ಸಮಿತಿಯವರು ಕೇಳ್ತಾರೆ, ಜೆರ್. ಥೇಡ್ ಏನೂ ಗೆದ್ದಿಲ್ಲ ಅಂತಾರೆ."

"ಅದನ್ನೇ ಬರಿ. ಏನೂ ಗೆಲ್ಲಲಿಲ್ಲ ಅಂತ ಶುರು ಮಾಡು."

ಹಾಗೇ ಶುರು ಮಾಡಿದೆ. ಅವನು ಹೇಳುತ್ತ ಹೋದ. ಯಾವ ತಿರುವು, ಎಂಥ ಮಳೆ. ಬೆರಳು ಮರಗಟ್ಟಿದ್ದರಿಂದ ಥೇಡ್ ಚಕ್ರದ ನಟ್ಟನ್ನು ಹಲ್ಲಿನಿಂದ ಕಚ್ಚಿ ಸಡಿಲಿಸಿದ್ದು. ಬೆನ್ನಿಗೆ ಕೈಯಿಟ್ಟು ತಳ್ಳಿ, "ಹಿಂದೆ ತಿರುಗಿ ನೋಡಬೇಡ, ಹೋಗು" ಎಂದದ್ದು. ನಲವತ್ತು ವರ್ಷ ಆ ದಿನದ ಬಗ್ಗೆ ಒಂದು ಮಾತೂ ಆಡದ ಜೆರ್‌ನ ಬಾಯಲ್ಲಿ ಎಲ್ಲವೂ ಹಾಗೇ ಇತ್ತು.

"ಆ ಚಕ್ರದ ಮೇಲೆ ಗೆದ್ದವನ ಹೆಸರು?" ಎಂದು ಕೇಳಿದೆ, ಬರೆಯುತ್ತಲೇ.

"ಬೇಡ."

"ಓದೋರು ಕೇಳ್ತಾರೆ."

"ಕೇಳ್ಲಿ. ತಂಡದ ಒಬ್ಬನಿಗೆ ಕೊಟ್ಟ ಅಂತ ಬರಿ, ಸಾಕು. ಅವನಿನ್ನೂ ಬದುಕಿದಾನೆ. ಬದುಕಿರೋರಿಗೆ ಪುಸ್ತಕದಲ್ಲಿ ಜಾಗ ಇಲ್ಲ ಅಂದೋಳು ನೀನೇ ಅಲ್ವೇನೆ?"

ನಾನು ಪೆನ್ನು ಕೆಳಗಿಟ್ಟು ಟೀಗೆ ನೀರಿಡಲು ಎದ್ದೆ. ನಾನು ಅಳುವುದನ್ನು ಅವನು ನೋಡುವುದು ನನಗೆ ಬೇಕಿರಲಿಲ್ಲ.

"ನಂದು ಬರೆದಿಟ್ಟಿದೀಯಲ್ಲ," ಎಂದ ಹಿಂದಿನಿಂದ, "ಚಕ್ರ ಸಿಕ್ಕಿತು ಅಂತ. ಅದನ್ನ ಒಲೆಗೆ ಹಾಕು. ನೀರು ಬೇಗ ಕಾಯುತ್ತೆ."